ಬಿಲ್ಲಿಗೆ ತಕ್ಕ ಬಾಣ ಹೊಂದಿಸಿ ಕೊಡುವವರು ಚಿಕ್ಕಮಗಳೂರಿನಲ್ಲೇ ಇದ್ದಾರೆ

ಮನೆಯಲ್ಲಿ ರಿಕರ್ವ್ ಬಿಲ್ಲು (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಇದೆ, ಬಾಣ ಎಲ್ಲಿಂದ ತರಿಸೋದು ಅಂತ ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಚಿಕ್ಕಮಗಳೂರು ಪೇಟೆಯಲ್ಲಿ ನಿವೃತ್ತ ಐಟಿಐ ಮೇಷ್ಟ್ರು ಒಬ್ಬರು ಮನೆ ಹಿಂದಿನ ಶೆಡ್‌ನಲ್ಲಿ ಬಾಣ ಮಾಡಿಕೊಡುತ್ತಾರೆ. ಅವರಿಂದ ಆರು ಕಾರ್ಬನ್ ಬಾಣಗಳ ಸೆಟ್ ಮಾಡಿಸಿಕೊಂಡೆ. ₹3,900 ಆಯಿತು. ಆನ್‌ಲೈನ್‌ನಲ್ಲಿ ಇದಕ್ಕಿಂತ ಕಡಿಮೆಗೂ ಸಿಗುತ್ತವೆ. ಆದರೂ ಕೊಟ್ಟ ದುಡ್ಡಿಗೆ ಪೂರ್ತಿ ಬೆಲೆ ಬಂತು ಅಂತ ಧೈರ್ಯವಾಗಿ ಹೇಳುತ್ತೇನೆ. ಈಗ 15 ಮೀಟರ್ ದೂರದಿಂದ ಆರೂ ಬಾಣ ಊಟದ ತಟ್ಟೆಯಷ್ಟು ಜಾಗದಲ್ಲಿ ಹೋಗಿ ಕೂರುತ್ತವೆ. ಬಿಲ್ಲು ಅದೇ, ಕೈಯೂ ಅದೇ.

ಅವರ ಹೆಸರು, ನಂಬರ್ ಇಲ್ಲಿ ಹಾಕುತ್ತಿಲ್ಲ. "ಮಾಡೋನು ಒಬ್ಬನೇ ಕಣಮ್ಮ, ಜನ ಜಾಸ್ತಿ ಆದ್ರೆ ಕೆಲಸ ಕೆಡುತ್ತೆ" ಅಂದರು. ಊರಿನಲ್ಲಿ ಬಿಲ್ಲು ಹಿಡಿಯುವವರು ಕಡಿಮೆ, ಅವರಲ್ಲಿ ಯಾರನ್ನು ಕೇಳಿದರೂ ದಾರಿ ಹೇಳುತ್ತಾರೆ. ನಾನು ಮುಖ್ಯವಾಗಿ ಅವರು ಕೆಲಸ ಮಾಡುವ ಕ್ರಮವನ್ನು ಹೇಳುತ್ತೇನೆ. ನೀವು ಬೇರೆ ಎಲ್ಲೇ ಬಾಣ ಕೊಂಡರೂ ಇದೇ ಪ್ರಶ್ನೆಗಳನ್ನು ಕೇಳಬಹುದು.

ನನ್ನದು ಆಲ್ದೂರು ಕಡೆ ಸಣ್ಣ ಕಾಫಿ ತೋಟ. ಬಿಲ್ಲು 62 ಇಂಚಿನ, ಬಿಚ್ಚಿ ಜೋಡಿಸಬಹುದಾದ ಮರದ ಟೇಕ್‌ಡೌನ್ ರಿಕರ್ವ್. ಗುರಿ ನೋಡುವ ಸೈಟ್ ಇಲ್ಲ, ಬಾಣ ಹಿಡಿಯ ಮೇಲೆ ಕೊರೆದ ಶೆಲ್ಫ್ ಮೇಲೇ ಕೂರುತ್ತದೆ. ಕೆಳಗಿನ ಲಿಂಬ್ (ಹೆದೆ ಎಳೆದಾಗ ಬಾಗುವ ತೋಳು) ಮೇಲೆ 35 ಪೌಂಡ್ ಅಂತ ಬರೆದಿದೆ, ಅದು ಹೆದೆ ಎಳೆಯಲು ಬೇಕಾದ ಬಲ. ಎಷ್ಟೋ ಜನ ಆ ನಂಬರ್ ನೋಡಿಯೇ ಬಾಣ ತರಿಸುತ್ತಾರೆ. ಮೇಷ್ಟ್ರು ಅದನ್ನು ಓದಿದರು, ಆದರೆ ಅದಕ್ಕೇ ನಿಲ್ಲಲಿಲ್ಲ. "ಮೊದಲು ಎಳೆದು ತೋರಿಸಮ್ಮ" ಅಂದರು. ಇಂಚಿನ ಗುರುತು ಹಾಕಿದ ಉದ್ದನೆಯ ಬಾಣ ಕೊಟ್ಟು, ನಾನು ದವಡೆಯವರೆಗೆ ಎಳೆದಾಗ ಎಲ್ಲಿಗೆ ಬರುತ್ತದೆ ಅಂತ ನೋಡಿದರು. ಲಿಂಬ್ ಮೇಲಿನ ತೂಕ 28 ಇಂಚು ಎಳೆದಾಗಿನ ಲೆಕ್ಕ. ನನ್ನ ಎಳೆತ ಇಪ್ಪತ್ತಾರೂವರೆ ಇಂಚು. ಇಂತಹ ಬಿಲ್ಲಿನಲ್ಲಿ ಒಂದು ಇಂಚು ಕಡಿಮೆಯಾದರೆ ಎರಡರಿಂದ ಮೂರು ಪೌಂಡ್ ಇಳಿಯುತ್ತದೆ. ಆಮೇಲೆ ತೂಗುವ ಡಿಜಿಟಲ್ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ ಅಷ್ಟೇ ದೂರ ಎಳೆದರು. ಹದಿನಾಲ್ಕೂವರೆ ಕೆ.ಜಿ. ತೋರಿಸಿತು. ಅಂದರೆ 32 ಪೌಂಡ್. ಬಾಣ ಆರಿಸಬೇಕಾದದ್ದು ಈ 32ಕ್ಕೆ, 35ಕ್ಕಲ್ಲ.

ಮುಂದಿನದು ಸ್ಪೈನ್. ಬಾಣದ ಕಡ್ಡಿ, ಅಂದರೆ ಶಾಫ್ಟ್, ಎಷ್ಟು ಬಾಗುತ್ತದೆ ಅನ್ನುವ ಅಳತೆ ಇದು. ಈ ಇಡೀ ವಿಷಯದ ಜೀವಾಳ ಇಲ್ಲೇ ಇದೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. 28 ಇಂಚು ಅಂತರದ ಎರಡು ಆಸರೆಗಳ ಮೇಲೆ ಶಾಫ್ಟ್ ಮಲಗಿಸಿ, ನಡುವೆ 1.94 ಪೌಂಡ್, ಅಂದರೆ 880 ಗ್ರಾಂ ತೂಕ ನೇತು ಹಾಕುತ್ತಾರೆ. ಅದು ಅರ್ಧ ಇಂಚು ಕೆಳಗೆ ಬಾಗಿದರೆ ಆ ಶಾಫ್ಟ್ 500. ಮುಕ್ಕಾಲು ಇಂಚು ಬಾಗಿದರೆ 750. ಅಂದರೆ ಕಾರ್ಬನ್ ಬಾಣದಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ಮೆತ್ತಗೆ. ಮರದ ಬಾಣದ ಲೆಕ್ಕ ಬೇರೆ. ಅಲ್ಲಿ ಆಸರೆಗಳ ಅಂತರ 26 ಇಂಚು, ತೂಕ 2 ಪೌಂಡ್. ಎಷ್ಟು ಇಂಚು ಬಾಗಿತೋ ಅದರಿಂದ 26ನ್ನು ಭಾಗಿಸಿದರೆ ಸ್ಪೈನ್ ಪೌಂಡಿನಲ್ಲಿ ಸಿಗುತ್ತದೆ. ಅಲ್ಲಿ ನಂಬರ್ ಹೆಚ್ಚಿದಷ್ಟೂ ಗಟ್ಟಿ. ಅಂಗಡಿಯವರು ಎರಡನ್ನೂ ಸುಮ್ನೆ ಸ್ಪೈನ್ ಅಂತಲೇ ಕರೆಯುವುದರಿಂದ ಹೊಸಬರು ಗೊಂದಲಕ್ಕೆ ಬೀಳುತ್ತಾರೆ.

ಅಲ್ಯೂಮಿನಿಯಂ ಬಾಣದ ಮೇಲಿನ ನಂಬರ್ ಮೂರನೆಯ ಥರದ್ದು. 1816 ಅಂತ ಇದ್ದರೆ ಕೊಳವೆಯ ದಪ್ಪ ಇಂಚಿನ 64ರಲ್ಲಿ 18 ಭಾಗ, ಗೋಡೆಯ ದಪ್ಪ ಇಂಚಿನ ಸಾವಿರದಲ್ಲಿ 16 ಭಾಗ. ಅದು ನೇರವಾಗಿ ಸ್ಪೈನ್ ಹೇಳುವುದಿಲ್ಲ.

ಮೇಷ್ಟ್ರು ಅಳೆಯುವ ಸಾಧನವನ್ನು ತಾವೇ ಮಾಡಿಕೊಂಡಿದ್ದಾರೆ. ಲೇತ್ ಕೆಲಸದ ಡಯಲ್ ಗೇಜ್ ಕೂರಿಸಿದ ಕಬ್ಬಿಣದ ಪಟ್ಟಿ ಅದು. ಪ್ಯಾಕೆಟ್ ಮೇಲೆ ಏನೇ ಬರೆದಿರಲಿ, ಪ್ರತಿ ಶಾಫ್ಟನ್ನೂ ಅದರ ಮೇಲಿಟ್ಟು ತಿರುಗಿಸಿ ನೋಡುತ್ತಾರೆ. ನಾನು ಹಿಂದೆ ಆನ್‌ಲೈನ್‌ನಲ್ಲಿ ತರಿಸಿದ ಸೆಟ್ಟನ್ನೂ ಅಳೆದು ತೋರಿಸಿದರು. ಎಲ್ಲದರ ಮೇಲೂ ಒಂದೇ ನಂಬರ್ ಅಚ್ಚಾಗಿತ್ತು. ಗೇಜ್ ಮೇಲೆ ಒಂದು 650ರ ಹತ್ತಿರ, ಇನ್ನೊಂದು 740ರ ಹತ್ತಿರ ನಿಂತಿತು. ತೂಕದಲ್ಲಿ ಹಗುರವಾದದ್ದಕ್ಕೂ ಭಾರವಾದದ್ದಕ್ಕೂ 30 ಗ್ರೈನ್ ವ್ಯತ್ಯಾಸ. ಒಂದು ಗ್ರೈನ್ ಅಂದರೆ 0.065 ಗ್ರಾಂ, ಹಾಗಾಗಿ ಇದು ಹತ್ತಿರ ಹತ್ತಿರ ಎರಡು ಗ್ರಾಂ. ಕೇಳಲು ಚಿಕ್ಕದು. ಆದರೆ ದೂರ ಹೆಚ್ಚಿದ ಹಾಗೆ ಭಾರದ ಬಾಣ ಕೆಳಗೆ, ಹಗುರದ್ದು ಮೇಲೆ ಹೋಗುತ್ತದೆ. ಮಾರಿದವರು ಇವನ್ನು ಹೊಂದಿಸಿದ ಸೆಟ್ ಅಂತ ಹೇಳಿ ಕೊಟ್ಟಿದ್ದರು. ನನಗೆ ನಿಜಕ್ಕೂ ಸಿಟ್ಟು ಬಂತು. ಹೊಸದಾಗಿ ಕಲಿಯುವವರು ಬಾಣದ ತಪ್ಪನ್ನು ತಮ್ಮ ಕೈಯ ತಪ್ಪು ಅಂದುಕೊಂಡು ಬಿಲ್ಲನ್ನೇ ಮೂಲೆಗಿಡುತ್ತಾರೆ, ಅಲ್ವಾ?

ಬಾಣ ಬಾಗಬೇಕು ಯಾಕೆ? ಬೆರಳಿನಿಂದ ಹೆದೆ ಬಿಟ್ಟಾಗ ಅದು ನೆಟ್ಟಗೆ ಮುಂದೆ ಹೋಗುವುದಿಲ್ಲ, ಬೆರಳ ತುದಿಯಿಂದ ಜಾರುವಾಗ ಪಕ್ಕಕ್ಕೆ ಸರಿಯುತ್ತದೆ. ಎದುರಿಗೆ ಬಿಲ್ಲಿನ ಹಿಡಿಯೂ ಅಡ್ಡ ಇದೆ. ಬಾಣ ಬಾಗಿ ಬಳುಕಿ ಆ ಹಿಡಿಯನ್ನು ಸುತ್ತಿ ಹೋಗಿ, ಆಮೇಲೆ ಗುರಿಯ ಕಡೆ ನೆಟ್ಟಗಾಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ವೇಗದ ಕ್ಯಾಮೆರಾ ಬಳಸಿ ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಈಗ ಮೊಬೈಲಿನ ಸ್ಲೋ ಮೋಷನ್‌ನಲ್ಲೇ ಕಾಣುತ್ತದೆ. ಮಗಳು ತೆಗೆದ ವಿಡಿಯೋದಲ್ಲಿ ನನ್ನ ಬಾಣ ಹಾವಿನ ಹಾಗೆ ಬಳುಕಿಕೊಂಡು ಹೋಗುತ್ತದೆ. ತೀರಾ ಗಟ್ಟಿ ಬಾಣ ಸಾಕಷ್ಟು ಬಾಗದೆ ಹಿಡಿಗೆ ತಗುಲಿ ಎಡಕ್ಕೆ ಹೋಗುತ್ತದೆ. ಮೆತ್ತಗಿನದು ಅತಿಯಾಗಿ ಬಾಗಿ ಬಲಕ್ಕೆ. ಬಲಗೈಯಲ್ಲಿ ಎಳೆಯುವವರ ಲೆಕ್ಕ ಇದು, ಎಡಗೈಯವರಿಗೆ ತಿರುಗುಮುರುಗು. ಶೆಲ್ಫೇ ಇಲ್ಲದ ಕುದುರೆ ಸವಾರರ ಬಿಲ್ಲಿಗೆ ಬಾಣ ಇನ್ನೂ ಹೆಚ್ಚು ಸುತ್ತಿ ಹೋಗಬೇಕು. ಹಾಗಾಗಿ ಅದೇ ಪೌಂಡಿಗೂ ಇನ್ನಷ್ಟು ಮೆತ್ತಗಿನ ಬಾಣ ಬೇಕು.

ಈ ಸೇವೆಯಲ್ಲಿ ನನಗೆ ಅತಿ ಇಷ್ಟವಾದದ್ದು ಅವರು ತಕ್ಷಣ ಬಾಣ ಮಾರದೇ ಇದ್ದದ್ದು. 600, 700, 800 ಸ್ಪೈನ್‌ನ ಮೂರು ಶಾಫ್ಟ್ ಕೊಟ್ಟರು. ಕತ್ತರಿಸಿಲ್ಲ, ಗರಿ ಇಲ್ಲ, ತುದಿಗೆ 100 ಗ್ರೈನ್ ಪಾಯಿಂಟ್ ಮಾತ್ರ. ಜೊತೆಗೆ ಹೋಲಿಸಿ ನೋಡಲು ಗರಿ ಇರುವ ಒಂದು ಬಾಣ. ಠೇವಣಿ ಇಟ್ಟು ಮನೆಗೆ ತಂದೆ. ಕೊಯ್ಲು ಮುಗಿದು ಕಾಫಿ ಕಣ ಖಾಲಿ ಇತ್ತು. ಹಳೇ ಬಟ್ಟೆ ತುಂಬಿದ ಗೋಣಿಚೀಲವೇ ಗುರಿ. ಗರಿ ಬಾಣವನ್ನು ತಿದ್ದುತ್ತದೆ, ಅದಕ್ಕೇ ಗರಿ ಇಲ್ಲದ ಕಡ್ಡಿ ಮಾತ್ರ ನಿಜ ಹೇಳುತ್ತದೆ. 600 ಗರಿಯ ಬಾಣಕ್ಕಿಂತ ಸ್ಪಷ್ಟವಾಗಿ ಎಡಕ್ಕೆ ಬಿತ್ತು. 800 ಬಲಕ್ಕೆ ಓಡಿತು. 700 ಮಾತ್ರ ಸ್ವಲ್ಪವೇ ಬಲಕ್ಕಿತ್ತು. ಅಂದರೆ ಅದು ಒಂಚೂರು ಮೆತ್ತಗೆ. ಶಾಫ್ಟ್ ಗಿಡ್ಡ ಆದಷ್ಟೂ ಗಟ್ಟಿಯಾಗುತ್ತದೆ, ಮುಂದಿನ ಪಾಯಿಂಟ್ ಭಾರ ಆದಷ್ಟೂ ಮೆತ್ತಗಾಗುತ್ತದೆ. ಹಾಗಾಗಿ ಮೇಷ್ಟ್ರು 700ನ್ನು ಅರ್ಧರ್ಧ ಇಂಚು ಕತ್ತರಿಸುತ್ತಾ ಬಂದರು, ಪ್ರತಿ ಸಲವೂ ನಾನು ಬಿಟ್ಟು ನೋಡಿದೆ. ಇಪ್ಪತ್ತೆಂಟೂವರೆ ಇಂಚಿಗೆ ಬಂದಾಗ ಬೋಳು ಕಡ್ಡಿಯೂ ಗರಿಯ ಬಾಣವೂ ಅಕ್ಕಪಕ್ಕ ಚುಚ್ಚಿಕೊಂಡವು. ಉಳಿದ ಶಾಫ್ಟ್‌ಗಳನ್ನೂ ಅದೇ ಅಳತೆಗೆ ಕತ್ತರಿಸಿದರು.

ಈ ಪರೀಕ್ಷೆಗೆ ಮುಂಚೆ ಹೆದೆಯ ಮೇಲಿನ ನಾಕಿಂಗ್ ಪಾಯಿಂಟ್, ಅಂದರೆ ಬಾಣದ ಹಿಂಬದಿ ಸಿಕ್ಕಿಸುವ ಜಾಗ, ಸರಿ ಇರಬೇಕು. ನನ್ನ ಬಿಲ್ಲಿಗೆ ಶೆಲ್ಫ್ ಮಟ್ಟಕ್ಕಿಂತ ಸುಮಾರು ಅರ್ಧ ಇಂಚು ಮೇಲೆ ಹಿತ್ತಾಳೆಯ ಉಂಗುರ ಕೂರಿಸಿದರು. ಅದು ತಪ್ಪಿದ್ದರೆ ಬಾಣ ಶೆಲ್ಫಿಗೆ ಬಡಿದು ಎಗರುತ್ತದೆ. ಆಗ ಎಡ ಬಲದ ಲೆಕ್ಕವನ್ನೂ ನಂಬುವ ಹಾಗಿಲ್ಲ.

ಕಾರ್ಬನ್ ಕತ್ತರಿಸುವಾಗ ಅವರು ಮಾಸ್ಕ್ ಹಾಕಿಕೊಂಡೇ ಕೂರುತ್ತಾರೆ, ವೇಗವಾಗಿ ತಿರುಗುವ ತೆಳು ಕಟಿಂಗ್ ವೀಲ್ ಬಳಸುತ್ತಾರೆ. ಗರಗಸ ಹಾಕಿದರೆ ನಾರು ಸೀಳುತ್ತದೆ, ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಮನೆಯಲ್ಲಿ ಮಾಡಲು ಹೋಗಬೇಡಿ.

ಗರಿಯ ವಿಷಯಕ್ಕೆ ಬರುತ್ತೇನೆ. ಶೆಲ್ಫ್ ಮೇಲಿಂದ ಬಿಡುವ ಬಿಲ್ಲಿಗೆ ಪ್ಲಾಸ್ಟಿಕ್ ಗರಿ, ಅಂದರೆ ವೇನ್, ಬೇಡವೇ ಬೇಡ. ಹಕ್ಕಿಯ ಗರಿ ಬಿಲ್ಲಿಗೆ ತಗುಲಿದರೆ ಮಡಚಿಕೊಂಡು ದಾಟುತ್ತದೆ. ಪ್ಲಾಸ್ಟಿಕ್ ತಗುಲಿದರೆ ಬಾಣವನ್ನೇ ತಳ್ಳಿಬಿಡುತ್ತದೆ. ನನ್ನ ಬಾಣಕ್ಕೆ ಹಾಕಿದ್ದು ನಾಲ್ಕು ಇಂಚಿನ ಮೂರು ಟರ್ಕಿ ಕೋಳಿ ಗರಿ. ಒಂದು ಬಾಣದಲ್ಲಿ ಮೂರೂ ಒಂದೇ ಕಡೆಯ ರೆಕ್ಕೆಯವು ಇರಬೇಕು, ಎಡ ರೆಕ್ಕೆ ಬಲ ರೆಕ್ಕೆ ಬೆರೆಸುವಂತಿಲ್ಲ. ಇಲ್ಲಿ ಒಂದು ಕೊರತೆ ಹೇಳಲೇಬೇಕು. ಒಂದು ಬಾಣದ ಗರಿಯ ಮುಂದಿನ ತುದಿ ಬೇಗ ಎದ್ದು ಬಂತು, ಅಂಟು ಸಾಲದಾಗಿತ್ತು. ತೋರಿಸಿದಾಗ ದುಡ್ಡು ತೆಗೆದುಕೊಳ್ಳದೆ ಸರಿಮಾಡಿ, ಎಲ್ಲ ಗರಿಗಳ ಮುಂದಿನ ತುದಿಗೂ ಒಂದೊಂದು ತೊಟ್ಟು ಅಂಟು ಹಾಕಿ ಕೊಟ್ಟರು. ಇನ್ನೊಂದು, ನಮ್ಮ ಕಡೆಯ ಮಳೆಗಾಲದಲ್ಲಿ ಗರಿ ನೆನೆದು ಮುದುಡಿಕೊಳ್ಳುತ್ತದೆ. ಇದು ಅವರ ಕೆಲಸದ ದೋಷ ಅಲ್ಲ. ಜೂನ್‌ನಿಂದ ನಾನು ಕಣದ ಪಕ್ಕದ ಶೀಟ್ ಕೆಳಗೇ ಅಭ್ಯಾಸ ಮಾಡುತ್ತೇನೆ.

ಬಿದಿರಿನ ಬಾಣವನ್ನೂ ಮಾಡುತ್ತಾರೆ. ಬೆಂಕಿಗೆ ಹಿಡಿದು ನೆಟ್ಟಗೆ ಮಾಡಿ, ಗೆಣ್ಣು ಉಜ್ಜಿ, ವಾರ್ನಿಷ್ ಹಚ್ಚಿದ ಬಾಣಗಳು. ನೋಡಲು ಬಹಳ ಚೆಂದ, ಕೈಗೂ ಹಿತ. ಆದರೆ ಒಂದು ಸೆಟ್ ಹೊಂದಿಸಲು ರಾಶಿ ಕಡ್ಡಿಗಳಲ್ಲಿ ಅಳೆದು ಅಳೆದು ಆರಿಸಬೇಕು, ತಿಂಗಳುಗಟ್ಟಲೆ ಕಾಯಬೇಕು. ತೇವಕ್ಕೆ ಮತ್ತೆ ಸೊಟ್ಟಗಾಗುವ ಭಯವೂ ಇದೆ. ಮೊದಲ ಸೆಟ್ ಕಾರ್ಬನ್ ಅಥವಾ ಅಲ್ಯೂಮಿನಿಯಂ ಇರಲಿ ಅನ್ನುವುದು ಅವರ ಸಲಹೆ. ನನಗೂ ಅದೇ ಸರಿ ಅನಿಸುತ್ತದೆ.

ನಾನಿದ್ದಾಗ ಒಬ್ಬರು ಬಂದು ಹಂದಿಗೆ ಹೊಡೆಯಲು ಅಲಗಿನ ತುದಿ ಬೇಕು ಅಂದರು. ಮೇಷ್ಟ್ರು ಕೂರಿಸಲೂ ಇಲ್ಲ, ಬಾಗಿಲಿಂದಲೇ ಕಳಿಸಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಾಣಕ್ಕೂ ಅನ್ವಯಿಸುತ್ತದೆ. ಕಾಡಿನ ಅಂಚಿನಲ್ಲಿ ಬದುಕುವ ನಮಗೆ ಇಂತಹ ಅಂಗಡಿಯೇ ಬೇಕು. ಅವತ್ತು ಅವರ ಮೇಲಿನ ಗೌರವ ಇನ್ನೂ ಹೆಚ್ಚಾಯಿತು.

ಬಂದ ಸೆಟ್ ಬಗ್ಗೆ ಹೇಳುವುದಾದರೆ, ಪ್ರತಿ ಬಾಣ 330 ಗ್ರೈನ್ ಆಸುಪಾಸು, ಒಂದಕ್ಕೊಂದು ಮೂರು ಗ್ರೈನ್ ಒಳಗೆ. ಬಿಲ್ಲಿನ ಒಂದು ಪೌಂಡಿಗೆ ಹತ್ತು ಗ್ರೈನ್ ಬಿತ್ತು. ಮರದ ಬಿಲ್ಲಿಗೆ ಎಂಟರಿಂದ ಹತ್ತು ಒಳ್ಳೆಯ ಅಳತೆ. ಬಾಣ ತೀರಾ ಹಗುರವಾದರೆ ಬಿಲ್ಲಿನ ಶಕ್ತಿ ಬಾಣಕ್ಕೆ ಹೋಗದೆ ಲಿಂಬಿಗೇ ವಾಪಸ್ ಹೊಡೆಯುತ್ತದೆ. ಪ್ರತಿ ಬಾಣದ ಮೇಲೂ ನಂಬರ್ ಬರೆದಿದ್ದಾರೆ. ಯಾವುದಾದರೂ ಒಂದು ನಂಬರ್ ಮತ್ತೆ ಮತ್ತೆ ಗುಂಪು ಬಿಟ್ಟು ಹೋದರೆ ಅದರ ನಾಕ್ (ಹೆದೆಗೆ ಸಿಕ್ಕಿಸುವ ಹಿಂದಿನ ಕಚ್ಚು) ತಿರುಗಿಸಿ ನೋಡಲು ಹೇಳಿದ್ದಾರೆ. ನಾಕ್ ಹಿಡಿತವೂ ಸರಿಯಾಗಿದೆ. ಬಾಣ ಕೆಳಮುಖವಾಗಿ ನೇತಾಡುವಂತೆ ಹೆದೆಗೆ ಸಿಕ್ಕಿಸಿ, ಹೆದೆಯನ್ನು ಬೆರಳಿಂದ ತಟ್ಟಿದರೆ ಕಳಚಿ ಬೀಳುತ್ತದೆ. ಅದಕ್ಕಿಂತ ಬಿಗಿ ಬೇಡ, ತಾನಾಗೇ ಉದುರುವಷ್ಟು ಸಡಿಲವೂ ಬೇಡ. ಎಳೆದಾಗ ನಾಕ್ ಜಾರಿದರೆ ಖಾಲಿ ಹೆದೆ ಬಿಟ್ಟ ಹಾಗೆ, ಲಿಂಬ್ ಸೀಳಬಹುದು.

ಬೇಗ ಬೇಕು ಅನ್ನುವವರಿಗೆ ಈ ಜಾಗ ಆಗುವುದಿಲ್ಲ. ಸಂಜೆ ಮಾತ್ರ ತೆರೆದಿರುತ್ತದೆ, ಶಾಫ್ಟ್ ಹೊರಗಿಂದ ಬರಬೇಕು, ಫೋನ್ ಎತ್ತುವುದು ಅಪರೂಪ. 50 ಪೌಂಡ್ ಮೇಲಿನ ಬಿಲ್ಲಿಗೆ ಬೇಕಾದ ಗಟ್ಟಿ ಶಾಫ್ಟ್ ಅವರಲ್ಲಿ ಇರಲಿಲ್ಲ. ಪುಟ್ಟ ಮಕ್ಕಳ ಬಿಲ್ಲಿಗೆ ಇಷ್ಟೆಲ್ಲ ಅಳತೆ ಬೇಡ, ಕಡಿಮೆ ಬೆಲೆಯ ಫೈಬರ್ ಬಾಣ ಸಾಕು ಅಂತ ಅವರೇ ಹೇಳಿ ಕಳಿಸುತ್ತಾರೆ.

ಹೋಗುವವರು ಬಿಲ್ಲು, ಬೆರಳಿನ ಟ್ಯಾಬ್ ಅಥವಾ ಗ್ಲೌಸ್, ಈಗ ಬಳಸುವ ಹೆದೆ ಎಲ್ಲವನ್ನೂ ತೆಗೆದುಕೊಂಡು ಹೋಗಿ. ಬಾಣ ಬಂದ ಮೇಲೆ ಪ್ರತಿ ಸಲ ಬಿಡುವ ಮುಂಚೆ ಕಾರ್ಬನ್ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿ, ತಿರುಗಿಸಿ ನೋಡಿ. ಚಟಚಟ ಸದ್ದು ಬಂದರೆ ಅಥವಾ ಬಿರುಕು ಕಂಡರೆ ಮುರಿದು ಎಸೆಯಿರಿ. ಬಿರುಕು ಬಿಟ್ಟ ಕಾರ್ಬನ್ ಬಿಡುವಾಗಲೇ ಒಡೆದು ಬಿಲ್ಲು ಹಿಡಿದ ಕೈಗೆ ಚುಚ್ಚುತ್ತದೆ. ಸೆಟ್ ಹೊಂದಿಸಿದ ಮೇಲೆ ಹೆದೆಯನ್ನು ಸ್ವಲ್ಪ ಹಿಗ್ಗುವ ಡೇಕ್ರಾನ್ ದಾರದಿಂದ ಅಷ್ಟಾಗಿ ಹಿಗ್ಗದ ಫಾಸ್ಟ್ ಫ್ಲೈಟ್ ದಾರಕ್ಕೆ ಬದಲಿಸಬೇಡಿ. ಬಾಣಕ್ಕೆ ಬೀಳುವ ಹೊಡೆತ ಜಾಸ್ತಿಯಾಗಿ ಅದೇ ಸ್ಪೈನ್ ಮೆತ್ತಗಾಗುತ್ತದೆ, ಹಳೇ ಬಿಲ್ಲಾದರೆ ಲಿಂಬಿನ ತುದಿಯೂ ತಡೆಯದೆ ಹೋಗಬಹುದು. ಬದಲಿಸಲೇಬೇಕು ಅಂದರೆ ಬಿಲ್ಲು ಮತ್ತು ಒಂದು ಬೋಳು ಕಡ್ಡಿ ಹಿಡಿದುಕೊಂಡು ಮತ್ತೆ ಶೆಡ್‌ಗೆ ಹೋಗಿ.