ಸ್ಕೀ ಪ್ಯಾಂಟಿಗೆ ಗಟ್ಟಿ ತೇಪೆ ಹಾಕಿಸುವ ಮುಂಚೆ ಇದನ್ನು ಓದಿ

ನನ್ನ ಸ್ಕೀ ಪ್ಯಾಂಟು ಈಗ ಹಿಮಕ್ಕೆ ಲಾಯಕ್ಕಿಲ್ಲ. ಕಾರಣ ಹರಿದದ್ದಲ್ಲ, ರಿಪೇರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹರಿಯುವ ಜಾಗ ಹೆಚ್ಚುಕಮ್ಮಿ ಎಲ್ಲರದೂ ಒಂದೇ: ಕಣಕಾಲಿನ ಹತ್ತಿರ, ಒಳಬದಿ. ಒಂದು ಸ್ಕೀಯ, ಅಂದರೆ ಹಿಮದ ಮೇಲೆ ಜಾರಲು ಬೂಟಿಗೆ ಸಿಕ್ಕಿಸುವ ಉದ್ದ ಹಲಗೆಯ, ಉಕ್ಕಿನ ಅಂಚು ಇನ್ನೊಂದು ಕಾಲಿನ ಬಟ್ಟೆಗೆ ತಾಗುತ್ತದೆ. ಹರಿತ ಮಾಡಿಸಿದ ಅಂಚು, ಸುಮ್ನೆ ಉಜ್ಜಿಕೊಂಡು ಹೋಗುವುದಿಲ್ಲ, ಕುಯ್ಯುತ್ತದೆ. ತಯಾರಕರೂ ಅಲ್ಲಿ ಗಟ್ಟಿ ನೈಲಾನ್ ಪಟ್ಟಿ ಕೊಟ್ಟಿರುತ್ತಾರೆ. ನನ್ನದರಲ್ಲಿ ಆ ಪಟ್ಟಿಯೇ ಸೀಳಿ ಎಳೆ ಎಳೆಯಾಗಿ ನೇತಾಡುತ್ತಿತ್ತು.

ರಿಪೇರಿಯವರು ‘ಹೊಸದಕ್ಕಿಂತ ಗಟ್ಟಿ ಮಾಡಿಕೊಡ್ತೀವಿ’ ಅಂದರು. ಹಾಕಿದ್ದು 1000 ಡೆನಿಯರ್ ಕಾರ್ಡುರಾ ಅನ್ನುವ ಗಟ್ಟಿ ನೈಲಾನ್ ಬಟ್ಟೆ. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಡೆನಿಯರ್. ಅಂದರೆ ಇದು ಬ್ಯಾಗು ಹೊಲಿಯುವಂಥ ದಪ್ಪ ಬಟ್ಟೆ. ತೇಪೆಗೆ ಇವತ್ತಿಗೂ ಏನೂ ಆಗಿಲ್ಲ, ಅದನ್ನು ಒಪ್ಪಲೇಬೇಕು. ಹಾಳಾಗಿದ್ದು ಅದರ ಸುತ್ತ ಇದ್ದದ್ದೆಲ್ಲ.

ತೇಪೆ ಚೌಕ. ಮೂಲೆಗಳು ಚೂಪು. ಸುತ್ತಲೂ ಒತ್ತೊತ್ತಾಗಿ ಜಿಗ್‌ಜಾಗ್ ಹೊಲಿಗೆ, ಅದರ ಮೇಲೆ ಇನ್ನೊಂದು ಸುತ್ತು. ಬೆಳಕಿಗೆ ಹಿಡಿದರೆ ಅಂಚೆಚೀಟಿ ಹಾಳೆಯ ಹಾಗೆ ತೂತಿನ ಸಾಲು ಕಾಣುತ್ತಿತ್ತು. ಹರಿದದ್ದೂ ಹಾಗೇ, ಗೆರೆ ಹಿಡಿದು, ಒಂದು ಮೂಲೆಯಿಂದ ಶುರುವಾಗಿ. ದಪ್ಪ ಬಟ್ಟೆ ಬಗ್ಗುವುದಿಲ್ಲ, ಪಕ್ಕದ ತೆಳು ಬಟ್ಟೆ ಬಗ್ಗುತ್ತದೆ. ಎಳೆತವೆಲ್ಲ ಅವೆರಡು ಸೇರುವ ಗೆರೆಯ ಮೇಲೆ ಬೀಳುತ್ತದೆ. ಅಲ್ಲೇ ಬಟ್ಟೆಯನ್ನು ಸೂಜಿಯಿಂದ ಜರಡಿ ಮಾಡಿದರೆ ಇನ್ನೇನಾಗುತ್ತದೆ?

ನೀರಿನ ಕಥೆ ಬೇರೆ. ಇಂಥ ಪ್ಯಾಂಟಿನಲ್ಲಿ ನೀರು ತಡೆಯುವುದು ಹೊರಬಟ್ಟೆಯ ಹಿಂಬದಿಗೆ ಅಂಟಿರುವ ತೆಳು ಪದರ. ಹೊಲಿಗೆ ಹಾಕಿದ ಕಡೆಯೆಲ್ಲ ಅದರಲ್ಲಿ ತೂತು ಬೀಳುತ್ತದೆ. ತಯಾರಿಸುವಾಗ ಆ ತೂತುಗಳ ಮೇಲೆ ಒಳಗಿನಿಂದ ಟೇಪ್ ಕೂರಿಸಿರುತ್ತಾರೆ. ನನ್ನ ತೇಪೆಗೆ ಟೇಪೂ ಇಲ್ಲ, ತೂತು ಮುಚ್ಚುವ ಅಂಟು, ಅಂದರೆ ಸೀಲಂಟೂ ಇಲ್ಲ. ಒದ್ದೆ ಹಿಮದಲ್ಲಿ ಕಾಲಿನ ಕೆಳಭಾಗ ತೊಯ್ದು ತೊಪ್ಪೆ.

ಅದಕ್ಕಿಂತ ಸಿಟ್ಟು ಬಂದದ್ದು ಬೂಟು ಹಾಕಿಕೊಳ್ಳುವಾಗ. ಹಿಮ ಒಳಗೆ ನುಗ್ಗದಂತೆ ತಡೆಯುವ ಒಳಗಿನ ಎಲಾಸ್ಟಿಕ್ ಪಟ್ಟಿಯನ್ನು (ಗೇಟರ್) ಬೂಟಿನ ಮೇಲೆ ಎಳೆಯಲು ಹೋದರೆ ಬರಲೇ ಇಲ್ಲ. ಅದನ್ನೂ ಸೇರಿಸಿ ಹೊಲಿದುಬಿಟ್ಟಿದ್ದರು! ಪ್ಯಾಂಟಿನ ಹೊರಗಿನ ಕಾಲೂ ಬಿಗಿಯಾಗಿ ಬೂಟಿನ ಬಕಲ್‌ಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು.

ಹೊಲಿಯುವ ಮುಂಚೆ ತೇಪೆಯನ್ನು ಬಿಸಿ ಇಸ್ತ್ರಿಯಿಂದ ಅಂಟಿಸಿದ್ದರು ಅಂತ ಆಮೇಲೆ ಗೊತ್ತಾಯಿತು. ಪಕ್ಕದ ನೈಲಾನ್ ಹೊಳಪು ಹೊಳಪಾಗಿ, ನೀರು ತಡೆಯುವ ಒಳಪದರ ಗುಳ್ಳೆ ಎದ್ದು ಬಿಟ್ಟುಕೊಂಡಿದೆ. ಹೀಗೆ ಬಿಟ್ಟ ಪದರವನ್ನು ಮತ್ತೆ ಮೊದಲಿನ ಹಾಗೆ ಕೂರಿಸಲು ಆಗುವುದಿಲ್ಲ. ವಾಪಸ್ ಕೊಂಡುಹೋಗಿ ತೋರಿಸಿದರೆ ಅವರು ಕೊಟ್ಟ ಪರಿಹಾರ: ಇನ್ನೂ ದೊಡ್ಡ ತೇಪೆ.

ಸಣ್ಣ ಸೀಳಾದರೆ ಹೊಲಿಗೆಯೇ ಬೇಡ. ಅಂಟು ಇರುವ ನೈಲಾನ್ ತೇಪೆ ಸಿಗುತ್ತದೆ. ಬಟ್ಟೆ ಒಗೆದು ಒಣಗಿಸಿ, ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಮೂಲೆಗಳನ್ನು ದುಂಡಗೆ ಕತ್ತರಿಸಿ ಒತ್ತಿ ಅಂಟಿಸಿ. ಕೊಳೆ, ಜಿಡ್ಡು ಇದ್ದರೆ ಅಂಟು ನಿಲ್ಲುವುದಿಲ್ಲ.

ಕಣಕಾಲಿನ ಹತ್ತಿರ ದೊಡ್ಡದಾಗಿ ಹರಿದಿದ್ದರೆ ಹೊಲಿಗೆ ಬೇಕೇ ಬೇಕು. ನನ್ನ ಪ್ರಕಾರ ಹೆಚ್ಚಿನವರಿಗೆ 500 ಡೆನಿಯರ್ ಸಾಕು, ಅದು ಬಗ್ಗುತ್ತದೆ. ‘ಕೆವ್ಲಾರ್ ಹಾಕೋಣ’ ಅಂತ ಯಾರಾದರೂ ಅಂದರೆ ಆತುರ ಬೇಡ. ಕುಯ್ತ ತಡೆಯುವುದರಲ್ಲಿ ಆ ಕೃತಕ ನಾರು ಗಟ್ಟಿಗ ನಿಜ, ಆದರೆ ಬಿಸಿಲು ತಾಗಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಹಳೇ ಜೀನ್ಸ್ ತುಂಡನ್ನಂತೂ ಹಾಕಿಸಲೇಬೇಡಿ. ಹತ್ತಿ ನೀರು ಕುಡಿದು, ಚಳಿಗೆ ಹೆಪ್ಪುಗಟ್ಟಿ ಸೆಟೆದುಕೊಳ್ಳುತ್ತದೆ. ದಾರವೂ ಹತ್ತಿಯದು ಬೇಡ, ಪಾಲಿಯೆಸ್ಟರ್ ಇರಲಿ. ತೇಪೆಯ ಅಳತೆ ಹಾಕುವಾಗ ಬೂಟು ಕಾಲಲ್ಲೇ ಇರಲಿ, ಬಕಲ್ ಹಾಕಿಕೊಂಡು.

ಇನ್ನೊಂದು. ಒಳಪದರ ಮುಟ್ಟಿದರೆ ಪುಡಿಪುಡಿಯಾಗಿ ಉದುರುತ್ತಿದ್ದರೆ ಆ ಪ್ಯಾಂಟಿಗೆ ದುಡ್ಡು ಸುರಿಯಬೇಡಿ. ಯಾವ ತೇಪೆ ಹಾಕಿದರೂ ನೀರು ಬರುತ್ತದೆ.

ಕೊಡುವ ಮುಂಚೆ ಬಾಯಿಬಿಟ್ಟು ಕೇಳಿ. ಒಳಗಿನ ಲೈನಿಂಗ್ ಬಿಚ್ಚಿ ಹೊರಬಟ್ಟೆಯನ್ನು ಮಾತ್ರ ಹೊಲಿಯುತ್ತೀರಾ? ಹೊಲಿಗೆ ಉದ್ದುದ್ದ ಹಾಕುತ್ತೀರಾ? ತೂತುಗಳನ್ನು ಒಳಗಿನಿಂದ ಯಾವುದರಲ್ಲಿ ಮುಚ್ಚುತ್ತೀರಾ? ಪಾಲಿಯುರೆಥೇನ್ (ಒಂದು ಬಗೆಯ ಪ್ಲಾಸ್ಟಿಕ್) ಲೇಪನದ ಬಟ್ಟೆಗೆ ಪಾಲಿಯುರೆಥೇನ್ ಸೀಲಂಟೇ ಬೇಕು, ಸಿಲಿಕೋನ್ ಸರಿಯಾಗಿ ಹಿಡಿಯುವುದಿಲ್ಲ. ಇಸ್ತ್ರಿ ತಾಗಿಸುತ್ತೀರಾ ಅಂತಲೂ ಕೇಳಿ. ‘ಅದೆಲ್ಲ ನಾವು ನೋಡ್ಕೋತೀವಿ ಬಿಡಿ’ ಅಂದರೆ, ಪ್ಯಾಂಟು ಎತ್ತಿಕೊಂಡು ವಾಪಸ್ ಬನ್ನಿ.