ಕಾರಿನ ಒಂದೇ ಬದಿಯ ತಾರೀಖು ನೋಡಿ ಟೈರ್ ಕೊಂಡವನ ಕಥೆ

ಟೈರ್ ಕೊಳ್ಳುವಾಗ ತಯಾರಾದ ತಾರೀಖು ನೋಡಬೇಕು ಎಂಬುದು ನನಗೆ ಗೊತ್ತಿತ್ತು. ನೋಡಿಯೂ ಇದ್ದೆ. ಆದರೂ ಕಾರು ಮಂಡಗದ್ದೆಯಿಂದ ಮುಂದೆ ಚರಂಡಿಗಿಳಿಯಿತು. ಈ ಮಳೆಗಾಲಕ್ಕೆ ಮೊದಲು ಕಾರಿಗೆ ‘ಸ್ಪೋರ್ಟ್ಸ್’ ಟೈರ್ ಹಾಕಿಸಬೇಕು ಎಂದು ಲೆಕ್ಕ ಹಾಕುತ್ತಿರುವವರು, ಅದರಲ್ಲೂ ಮಲೆನಾಡಿನಲ್ಲಿ ಓಡಾಡುವವರು, ದಯವಿಟ್ಟು ಇದನ್ನೊಮ್ಮೆ ಓದಿ.

ನನ್ನದು 2017ರ ಸ್ಕೋಡಾ ಆಕ್ಟೇವಿಯಾ. 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 180 ಅಶ್ವಶಕ್ತಿ. ರಾಶಿ ಅಡಿಕೆಯ ಧಾರಣೆ ಕ್ವಿಂಟಾಲಿಗೆ 50 ಸಾವಿರ ದಾಟಿದ ವರ್ಷ, ಮನೆಯವರೆಲ್ಲ ಬೇಡವೆಂದರೂ ಹಟ ಹಿಡಿದು ಕೊಂಡ ಹಳೆಯ ಕಾರು. ಕೆಲಸ ಶಿವಮೊಗ್ಗದಲ್ಲಿ, ತೋಟ ಮತ್ತು ಅಮ್ಮ ತೀರ್ಥಹಳ್ಳಿಯಿಂದಾಚೆ. ವಾರಕ್ಕೊಮ್ಮೆಯಾದರೂ ಗಾಜನೂರು, ಸಕ್ರೆಬೈಲು, ಮಂಡಗದ್ದೆಯ ದಾರಿಯಲ್ಲಿ ಹೋಗಿ ಬರುವುದು ತಪ್ಪಿದ್ದಲ್ಲ. ಆ ದಾರಿಯ ತಿರುವುಗಳಿಗಾಗಿಯೇ ಆ ಕಾರು ಕೊಂಡೆ ಎಂದರೂ ಸುಳ್ಳಲ್ಲ.

ಕಾರಿಗಿದ್ದ ಟೈರ್‌ಗಳ ಅಳತೆ 205/55 ಆರ್16, ಜೊತೆಗೆ 91ವಿ ಎಂಬ ಗುರುತು. 205 ಎಂದರೆ ಮಿಲಿಮೀಟರಿನಲ್ಲಿ ಅಗಲ. 55 ಎಂದರೆ ಆ ಅಗಲದ ನೂರಕ್ಕೆ ಐವತ್ತೈದರಷ್ಟು ಪಕ್ಕದ ಗೋಡೆಯ ಎತ್ತರ. 16 ಎಂದರೆ ರಿಮ್ಮಿನ ಇಂಚು. 91 ಎಂದರೆ ಒಂದು ಟೈರ್ 615 ಕಿಲೋ ಹೊರಬಲ್ಲದು, ವಿ ಎಂದರೆ ಗಂಟೆಗೆ 240 ಕಿಲೋಮೀಟರ್ ವೇಗ ತಡೆಯಬಲ್ಲದು. ಇವೆಲ್ಲ ನನಗೆ ಬಾಯಿಪಾಠವಾಗಿದ್ದವು. ಬಾಯಿಪಾಠವಿದ್ದದ್ದೇ ತೊಂದರೆಯಾಯಿತೇನೋ, ಅಂಗಡಿಯವನು ಒಂದು ಮಾತು ಹೇಳುವ ಮೊದಲು ನಾನು ನಾಲ್ಕು ಹೇಳುತ್ತಿದ್ದೆ.

2023ರ ಮೇ ತಿಂಗಳಲ್ಲಿ ಹಳೆಯ ಟೈರ್‌ಗಳು ಸವೆದು ಬಂದಿದ್ದವು. ಭಾವಮೈದುನ ಕಾರಿನ ಸುತ್ತ ಒಂದು ಸುತ್ತು ಬಂದು, ‘ಭಾವಾ, ಇಂಥ ಎಂಜಿನ್ ಇಟ್ಟುಕೊಂಡು ಎತ್ತಿನ ಗಾಡಿಯ ಚಕ್ರ ಹಾಕಿಕೊಂಡಿದ್ದೀರಲ್ಲ’ ಎಂದ. ಬೆಂಗಳೂರಿನಲ್ಲಿ ತನಗೆ ಗೊತ್ತಿರುವ ಅಂಗಡಿಯೊಂದಿದೆ, ಹೊರದೇಶದ ಟೈರ್‌ಗಳು ಅರ್ಧಕ್ಕರ್ಧ ಬೆಲೆಗೆ ಸಿಗುತ್ತವೆ ಎಂದೂ ಸೇರಿಸಿದ. ಆ ಅಂಗಡಿಯ ಹೆಸರನ್ನಾಗಲಿ ಟೈರ್ ಕಂಪನಿಯ ಹೆಸರನ್ನಾಗಲಿ ನಾನು ಬರೆಯುವುದಿಲ್ಲ. ಕಂಪನಿ ಒಳ್ಳೆಯದೇ, ಅದರ ತಪ್ಪೇನೂ ಇಲ್ಲ. ಅಂಗಡಿಯ ಮೇಲೆ ಹೊರಿಸಲು ನನ್ನ ಬಳಿ ದಾಖಲೆಯಿಲ್ಲ. ಏಕೆ ಇಲ್ಲ ಎಂಬುದು ಮುಂದೆ ಬರುತ್ತದೆ.

ಮದುವೆಯೊಂದಕ್ಕೆ ಬೆಂಗಳೂರಿಗೆ ಹೋದವನು ಅಲ್ಲಿಗೂ ಹೋದೆ. 17 ಇಂಚಿನ, ಬಳಸಿದ ಅಲಾಯ್ ಚಕ್ರಗಳು ಒಂದು ಸೆಟ್. ಅವುಗಳಿಗೆ 225/45 ಅಳತೆಯ ಟೈರ್‌ಗಳು. ‘2020ರಲ್ಲಿ ಸರ್ಕಾರ ಆಮದಿಗೆ ಕಡಿವಾಣ ಹಾಕಿದ ಮೇಲೆ ಈ ಮಾಲು ಬರುವುದೇ ಇಲ್ಲ ಸಾರ್. ಇದು ಕೊನೆಯ ಸೆಟ್’ ಎಂದರು. ಕಡಿವಾಣ ಹಾಕಿದ್ದು ನಿಜವೇ. ಆ ವರ್ಷದ ಜೂನ್‌ನಿಂದ ಹೊಸ ಟೈರ್‌ಗಳನ್ನು ತರಿಸಲು ಪರವಾನಗಿ ಬೇಕಾಯಿತು. ಹಾಗಾದರೆ ಈ ಸೆಟ್ ಯಾವಾಗ ಬಂದದ್ದು ಎಂಬ ಪ್ರಶ್ನೆ ನನ್ನ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಟೈರ್‌ಗಳು ಹೊಸ ಬೂಟಿನಂತೆ ಕಪ್ಪಗೆ ಮಿರುಗುತ್ತಿದ್ದವು.

‘ಅರ್ಧ ಗಂಟೆ ಆಗುತ್ತದೆ, ಎದುರುಗಡೆ ಕಾಫಿ ಕುಡಿದು ಬನ್ನಿ ಸಾರ್’ ಎಂದರು. ಹೋದೆ. ನನ್ನ ಮಟ್ಟಿಗೆ ಅಷ್ಟು ದುಬಾರಿಯ ಕಾಫಿ ಬೆಂಗಳೂರಿನಲ್ಲಿ ಇನ್ನೆಲ್ಲೂ ಸಿಗಲಿಕ್ಕಿಲ್ಲ.

ಬಂದು ನೋಡಿದಾಗ ಕಾರು ಸಿದ್ಧವಾಗಿತ್ತು. ಎಡಬದಿ ಗೋಡೆಗೆ ಒತ್ತಿಕೊಂಡಿತ್ತು, ನಡುವೆ ಒಂದು ಮೊಳ ಜಾಗವೂ ಇರಲಿಲ್ಲ. ಬಲಬದಿಯಲ್ಲಿ ಬಗ್ಗಿ ತಾರೀಖು ಹುಡುಕಿದೆ. ಟೈರಿನ ಗೋಡೆಯ ಮೇಲೆ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಗೆ, ಪುಟ್ಟ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಮುಂದಿನ ಟೈರಿನಲ್ಲಿ 3521. ಹಿಂದಿನದರಲ್ಲೂ 3521. ಎಂದರೆ 2021ರ 35ನೆಯ ವಾರ, ಎರಡು ವರ್ಷವೂ ಆಗಿಲ್ಲ. ಭಾವಮೈದುನನಿಗೂ ತೋರಿಸಿ, ವಾರ ಯಾವುದು ವರ್ಷ ಯಾವುದು ಎಂದು ಪಾಠ ಮಾಡಿ, 48 ಸಾವಿರ ನಗದು ಎಣಿಸಿ ಕೊಟ್ಟೆ. ನಗದಾದರೆ ಮೂರು ಸಾವಿರ ಕಡಿಮೆ, ಬಿಲ್ ಬೇಕಾದರೆ ತೆರಿಗೆ ಸೇರುತ್ತದೆ ಎಂದಿದ್ದರು. ‘ಟೈರ್ – 4’ ಎಂದು ಬರೆದ ಚೀಟಿಯೊಂದನ್ನು ಜೇಬಿಗಿಟ್ಟುಕೊಂಡೆ.

ನಿಜ ಹೇಳಬೇಕೆಂದರೆ ಮೊದಲ ಎರಡು ತಿಂಗಳು ಸ್ವರ್ಗ. ಆ ವರ್ಷ ಜೂನ್ ತಿಂಗಳು ಮಳೆ ಕೈಕೊಟ್ಟಿತ್ತು, ರಸ್ತೆ ಒಣಗಿತ್ತು. ಸ್ಟಿಯರಿಂಗ್ ತಿರುಗಿಸುವ ಮೊದಲೇ ಕಾರು ತಿರುಗಿದಂತೆ ಅನ್ನಿಸುತ್ತಿತ್ತು. ಗೋಡೆಯ ಎತ್ತರ 113 ಮಿ.ಮೀ. ಇದ್ದದ್ದು 101ಕ್ಕೆ ಇಳಿದದ್ದರಿಂದ ಟೈರ್ ಓಲಾಡುವುದು ಕಡಿಮೆಯಾಗಿತ್ತು. ಅದರ ಬೆಲೆಯನ್ನು ಹನ್ನೆರಡನೆಯ ದಿನವೇ ತೆತ್ತೆ. ಟಾರಿನ ಅಂಚು ಕಿತ್ತುಹೋದ ಕಡೆ ಬಸ್ಸಿಗೆ ದಾರಿ ಬಿಡಲು ಕೆಳಗಿಳಿಸಿದ್ದಕ್ಕೆ ಬಲ ಹಿಂದಿನ ಟೈರಿನ ಪಕ್ಕದಲ್ಲಿ ನೆಲ್ಲಿಕಾಯಿ ಗಾತ್ರದ ಉಬ್ಬು ಬಂತು. ಒಳಗಿನ ದಾರಗಳು ತುಂಡಾದರೆ ಬರುವ ಉಬ್ಬು ಅದು, ರಿಪೇರಿ ಎಂಬುದಿಲ್ಲ. ಆಗಲೇ ಬುದ್ಧಿ ಬರಬೇಕಿತ್ತು. ಆ ಚಕ್ರಕ್ಕೆ ಇನ್ನೊಂದು ಟೈರ್ ಹುಡುಕಿಸಿ ಹಾಕಿಸಿಕೊಂಡು ಸುಮ್ಮನಾದೆ.

ಜುಲೈ ಕೊನೆಯ ವಾರ ಪುಷ್ಯ ಮಳೆ ಹಿಡಿಯಿತು. ಶನಿವಾರ ಸಂಜೆ ಅಮ್ಮನನ್ನು ಶಿವಮೊಗ್ಗದ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಊರಿಗೆ ಹೊರಟಿದ್ದೆ. ಮಂಡಗದ್ದೆ ದಾಟಿದ ಮೇಲೆ ಬಲಕ್ಕೆ ತಿರುಗುವ ಒಂದು ತಿರುವು. ಮೇಲಿನ ಕಾಡಿನಿಂದ ಇಳಿದ ಕೆಂಪು ನೀರು ರಸ್ತೆಗೆ ಅಡ್ಡವಾಗಿ ಹರಿಯುತ್ತಿತ್ತು, ಹೆಚ್ಚೆಂದರೆ ಒಂದು ಬೆರಳು ಆಳ. ವೇಗ 65. ಹಳೆಯ ಟೈರ್‌ಗಳಲ್ಲಿ ಅದೇ ತಿರುವನ್ನು ಅದೇ ಮಳೆಯಲ್ಲಿ ಅದೇ ವೇಗದಲ್ಲಿ ಎಷ್ಟೋ ಸಲ ದಾಟಿದ್ದೇನೆ.

ಮೊದಲು ಸದ್ದು ನಿಂತಿತು. ಟೈರಿನಡಿಯಿಂದ ಚಿಮ್ಮುವ ನೀರಿನ ಸದ್ದು ಏಕಾಏಕಿ ಇಲ್ಲವಾಯಿತು. ಸ್ಟಿಯರಿಂಗ್ ಕೈಯಲ್ಲಿ ಹತ್ತಿಯಷ್ಟು ಹಗುರವಾಯಿತು. ಬಲಕ್ಕೆ ತಿರುಗಿಸಿದರೂ ಕಾರು ನೇರಕ್ಕೇ ಹೋಗುತ್ತಿತ್ತು. ಬ್ರೇಕ್ ಒತ್ತಿದೆ, ಚಕ್ರ ಕಚ್ಚಿಕೊಂಡು ನಿಲ್ಲದಂತೆ ನೋಡಿಕೊಳ್ಳುವ ಎಬಿಎಸ್ ಕಾಲಡಿಯಲ್ಲಿ ಗಡಗಡ ನಡುಗಿತು, ಅಷ್ಟೇ. ನೆಲಕ್ಕೇ ತಾಗದ ಟೈರನ್ನು ಹಿಡಿದು ಎಬಿಎಸ್ ತಾನೇ ಏನು ಮಾಡೀತು? ಮರುಕ್ಷಣ ಬಲಬದಿಯ ಚಕ್ರಗಳಿಗೆ ಮಾತ್ರ ನೆಲ ಸಿಕ್ಕಿತು, ಕಾರು ಒಮ್ಮೆ ಸೊಂಟ ತಿರುಗಿಸಿತು. ಎಡಗಡೆಯ ಚರಂಡಿಗಿಳಿದು ಧರೆಗೆ ಮೂತಿ ಉಜ್ಜಿ ನಿಂತೆವು. ಅಮ್ಮನ ಮಡಿಲಲ್ಲಿದ್ದ ಡೇರೆ ಹೂವಿನ ಗೆಡ್ಡೆಗಳ ಚೀಲ ಹರಿದು ಗೆಡ್ಡೆಗಳೆಲ್ಲ ಕಾಲಡಿ ಉರುಳಿದ್ದವು. ಆಕೆ ನನ್ನನ್ನು ಏನೂ ಕೇಳದೆ ಅವನ್ನು ಒಂದೊಂದಾಗಿ ಹೆಕ್ಕತೊಡಗಿದಳು. ಅಷ್ಟರಲ್ಲಿ ಎದುರಿನಿಂದ ಒಂದು ಬಸ್ ತಿರುವು ಮುಗಿಸಿ ಬಂತು. ಬಲಕ್ಕೆ ಜಾರಿದ್ದರೆ ಎಂದು ಈಗಲೂ ರಾತ್ರಿ ಎಚ್ಚರವಾಗುತ್ತದೆ.

ಇಬ್ಬರಿಗೂ ಪೆಟ್ಟಾಗಲಿಲ್ಲ. ಬಂಪರ್, ಒಂದು ರಿಮ್, ಚಕ್ರವನ್ನು ಹಿಡಿದಿಡುವ ಕೆಳಗಿನ ಒಂದು ಆರ್ಮ್ ಹೋದವು. ಬಸ್ಸಿನವರೇ ಹಗ್ಗ ಹಾಕಿ ಎಳೆದು ಕೊಟ್ಟರು.

ಸೋಮವಾರ ಶಿವಮೊಗ್ಗದಲ್ಲಿ ಅಲೈನ್‌ಮೆಂಟ್ ಮಾಡುವ ಹಿರಿಯರೊಬ್ಬರ ಬಳಿಗೆ ಕಾರು ಒಯ್ದೆ. ಅವರು ಕಾರನ್ನು ಮೇಲೆತ್ತಿಸಿ, ಬಲ ಟೈರಿಗೆ ಹೆಬ್ಬೆರಳಿನ ಉಗುರು ಒತ್ತಿದರು. ಗುರುತು ಬಿತ್ತು, ಮೆಲ್ಲಗೆ ಮಾಯವಾಯಿತು. ಎಡ ಟೈರಿಗೆ ಒತ್ತಿದರು. ಗುರುತೇ ಬೀಳಲಿಲ್ಲ. ‘ಇದು ರಬ್ಬರ್ ಅಲ್ಲ ಸಾರ್, ಚಪ್ಪಲಿಯ ಅಟ್ಟೆ’ ಎಂದು ಟಾರ್ಚ್ ನನ್ನ ಕೈಗೆ ಕೊಟ್ಟರು. ಎಡ ಟೈರ್‌ಗಳ ಒಳಬದಿಯಲ್ಲಿ, ಕೆಸರು ಒರೆಸಿದ ಮೇಲೆ ಕಂಡದ್ದು: 0918. ಎರಡರಲ್ಲೂ ಅದೇ. 2018ರ ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲು. ನಾನು ಕೊಳ್ಳುವ ಹೊತ್ತಿಗೇ ಅವುಗಳಿಗೆ ಐದು ವರ್ಷ ತುಂಬಿತ್ತು. ನೀರು ಹರಿದುಹೋಗಲೆಂದು ಟೈರಿನ ಮೈಮೇಲೆ ಕೊರೆದಿರುವ ಕಾಲುವೆಗಳ ತಳದಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಹೊಳಪು ಬಂದದ್ದು ಬಾಟಲಿಯ ಪಾಲಿಶ್‌ನಿಂದ.

ಗಮನಿಸಿ: ತಾರೀಖನ್ನು ಟೈರಿನ ಎರಡೂ ಬದಿಗೆ ಅಚ್ಚು ಹಾಕಬೇಕೆಂದಿಲ್ಲ, ಬಹಳಷ್ಟು ಟೈರ್‌ಗಳಲ್ಲಿ ಒಂದೇ ಬದಿಗಿರುತ್ತದೆ. ನನ್ನವು ಒಂದೇ ದಿಕ್ಕಿಗೆ ತಿರುಗಬೇಕಾದ, ಬಾಣದ ಗುರುತಿರುವ ಟೈರ್‌ಗಳು. ಅಂಥವನ್ನು ಕಾರಿನ ಒಂದು ಬದಿಗೆ ಹಾಕಿದರೆ ತಾರೀಖು ಹೊರಕ್ಕೆ ಬರುತ್ತದೆ, ಇನ್ನೊಂದು ಬದಿಗೆ ಹಾಕಿದರೆ ಒಳಕ್ಕೆ ಹೋಗುತ್ತದೆ. ಎಳೆಯ ಜೋಡಿ ಬಲಕ್ಕೆ, ಮುದಿ ಜೋಡಿ ಎಡಕ್ಕೆ, ಎಡಬದಿ ಗೋಡೆಗೆ. ಬೇಕೆಂದೇ ಮಾಡಿದರೋ ಕಾಕತಾಳೀಯವೋ, ನಾನು ಆಣೆ ಹಾಕಿ ಹೇಳಲಾರೆ. ಆದರೆ ಒಂದೇ ಆಕ್ಸಲ್ಲಿನ ಎರಡು ಕಡೆಗೆ ಎರಡು ವಯಸ್ಸಿನ ರಬ್ಬರ್ ಇದ್ದದ್ದರಿಂದಲೇ ಕಾರು ಸೊಂಟ ತಿರುಗಿಸಿದ್ದು. ಬಲ ತಿರುವಿನಲ್ಲಿ ಭಾರವೆಲ್ಲ ಬೀಳುವುದು ಎಡ ಚಕ್ರಗಳ ಮೇಲೆ.

ಮುದಿ ರಬ್ಬರ್ ಮಳೆಯಲ್ಲಿ ಏಕೆ ಜಾರುತ್ತದೆ ಎಂದು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಹಾವಸೆ ಹಿಡಿದ ಅಂಗಳದಲ್ಲಿ ಹಳೆಯ ಹವಾಯಿ ಚಪ್ಪಲಿ ಮೆಟ್ಟಿ ನಡೆದು ನೋಡಿ. ಅಂಗಳಕ್ಕಾದರೆ ಸೋಗೆ ಹಾಸುತ್ತೇವೆ, ರಸ್ತೆಗೆ ಹಾಸುವವರು ಯಾರು? ರಬ್ಬರ್ ಮೆತ್ತಗಿದ್ದರೆ ಟಾರಿನ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಕೂತು ಹಿಡಿಯುತ್ತದೆ. ಗಟ್ಟಿಯಾದರೆ ಮೇಲೆಯೇ ತೇಲುತ್ತದೆ.

ವಯಸ್ಸೊಂದೇ ಅಲ್ಲ, ಆಯ್ಕೆಯೂ ತಪ್ಪಿತ್ತು. ಗೋಡೆಯ ಮೇಲೆ ಟ್ರೆಡ್‌ವೇರ್ 200 ಎಂದಿತ್ತು. ಅದು ಕಿಲೋಮೀಟರ್ ಅಲ್ಲ, ಸವೆತವನ್ನು ಹೋಲಿಸುವ ಅಂಕಿ. ಸಂಖ್ಯೆ ಕಡಿಮೆಯಾದಷ್ಟು ಬೇಗ ಸವೆಯುತ್ತದೆ, ಸಾಮಾನ್ಯವಾಗಿ ರಬ್ಬರ್ ಅಂಟು ಹೆಚ್ಚು. ಹಿಡಿತದ ಆಸೆಗೆ ನಾನು ಅದನ್ನು ನೋಡಿಯೇ ಮರುಳಾದದ್ದು. ಆದರೆ ಅಂಥ ಟೈರ್‌ಗಳಲ್ಲಿ ಬಹುಪಾಲು ಒಣ ನೆಲಕ್ಕೆಂದೇ ಮಾಡಿದವು, ನೆಲಕ್ಕೆ ತಾಗುವ ರಬ್ಬರ್ ಹೆಚ್ಚಿರಲಿ ಎಂದು ಕಾಲುವೆಗಳನ್ನು ಕಡಿಮೆ ಮಾಡಿರುತ್ತಾರೆ. ತೋಟದಲ್ಲಿ ಬಸಿಗಾಲುವೆ ತೆಗೆಯದೆ ಅಡಿಕೆ ನೆಟ್ಟವನನ್ನು ನೋಡಿ ನಗುವ ನಾನು, ಬಸಿಗಾಲುವೆ ಇಲ್ಲದ ಟೈರಿಗೆ 48 ಸಾವಿರ ಕೊಟ್ಟಿದ್ದೆ. ಸಾಲದ್ದಕ್ಕೆ ಅಗಲ 20 ಮಿ.ಮೀ. ಹೆಚ್ಚು. ಅಗಲವಾದಷ್ಟೂ ಎದುರಿನ ನೀರನ್ನು ಪಕ್ಕಕ್ಕೆ ತಳ್ಳುವ ಕೆಲಸ ಹೆಚ್ಚು, ತೇಲುವುದೂ ಬೇಗ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ‘ಸಮ್ಮರ್ ಟೈರ್’ ಎಂದ ಕೂಡಲೇ ಮಳೆಗಾಲಕ್ಕೆ ಆಗದು ಎಂದು ಅನೇಕರು ಹೆದರುತ್ತಾರೆ. ಆ ಹೆಸರು ಬಂದದ್ದು ಹಿಮ ಬೀಳುವ ದೇಶಗಳಿಂದ. ಸುಮಾರು 7 ಡಿಗ್ರಿಗಿಂತ ಕೆಳಗೆ ಅದರ ರಬ್ಬರ್ ಬಿಗಿಯಾಗುತ್ತದೆ ಎಂಬುದಷ್ಟೇ ಅದರ ಅರ್ಥ. ನಮ್ಮ ಮಳೆ ಅಷ್ಟು ತಣ್ಣಗಿರುವುದಿಲ್ಲ. ಅಗಲವಾದ ನಾಲ್ಕು ಕಾಲುವೆಗಳಿರುವ ಒಳ್ಳೆಯ ಸಮ್ಮರ್ ಟೈರ್, ಹೊಸದಾಗಿದ್ದರೆ, ಆಗುಂಬೆಯ ಮಳೆಯಲ್ಲೂ ಚೆನ್ನಾಗಿ ಹಿಡಿಯುತ್ತದೆ. ನಾನು ದೂರುತ್ತಿರುವುದು ಟ್ರ್ಯಾಕ್ ಓಟದ ಆಸೆ ಹುಟ್ಟಿಸುವ ಟೈರನ್ನು ತಂದು ಘಾಟಿಗೆ ಕಟ್ಟುವುದನ್ನು.

ಬೆಂಗಳೂರಿಗೆ ಫೋನ್ ಮಾಡಿದೆ. ‘ನೆರಳಿನಲ್ಲಿ ಇಟ್ಟಿದ್ದರೆ ಐದು ವರ್ಷವಾದರೂ ಟೈರ್ ಹೊಸದೇ ಸಾರ್. ನೀವು ಜೋರಾಗಿ ಓಡಿಸಿದ್ದೀರಿ’ ಎಂದರು. ಮೊದಲ ಮಾತಿನಲ್ಲಿ ಅರ್ಧ ಸತ್ಯವಿದೆ, ತಂಪಾದ ಕತ್ತಲೆಯ ಗೋದಾಮಿನಲ್ಲಿಟ್ಟ ಟೈರ್ ಅಷ್ಟು ಬೇಗ ಮುದಿಯಾಗುವುದಿಲ್ಲ. ಆದರೆ ಇವು ತಗಡಿನ ಮಾಡಿನಡಿ ಎಷ್ಟು ಬೇಸಿಗೆ ಬೆಂದಿದ್ದವೋ ಕೊಳ್ಳುವವನಿಗೆ ಹೇಗೆ ತಿಳಿಯಬೇಕು? ‘ಆ 0918 ನಮ್ಮ ಅಂಗಡಿಯದು ಎನ್ನುವುದಕ್ಕೆ ಏನಿದೆ?’ ಎಂದು ಕೇಳಿದಾಗ ನನ್ನ ಬಾಯಿ ಕಟ್ಟಿತು. ಚೀಟಿಯಲ್ಲಿ ಅಳತೆಯಿಲ್ಲ, ಕ್ರಮಸಂಖ್ಯೆಯಿಲ್ಲ, ಅಂಗಡಿಯ ಜಿಎಸ್‌ಟಿ ಸಂಖ್ಯೆಯಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಪರಿಚಯದ ವಕೀಲರೊಬ್ಬರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದರಲ್ಲಿ ಕಡಲೆಕಾಯಿ ಕಟ್ಟಿಸಿಕೊಳ್ಳಿ’ ಎಂದರು. ಮೂರು ಸಾವಿರ ಉಳಿಸಿದ್ದರ ಫಲ.

ಆದ್ದರಿಂದ ಟೈರ್ ಇನ್ನೂ ನೆಲದ ಮೇಲೆ ಮಲಗಿರುವಾಗ, ರಿಮ್ಮಿಗೆ ಏರುವ ಮೊದಲು, ನಾಲ್ಕನ್ನೂ ಮಗುಚಿ ಎರಡೂ ಬದಿ ನೋಡಿ. ನಾಲ್ಕರ ಅಂಕಿಗಳನ್ನೂ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ, ಅವನ್ನೇ ಬಿಲ್ಲಿನಲ್ಲಿ ಬರೆಸಿ. ಒಂದು ವರ್ಷಕ್ಕಿಂತ ಹಳೆಯದಾದರೆ ನಾನಂತೂ ಈಗ ಮುಟ್ಟುವುದಿಲ್ಲ. ಎರಡೇ ಟೈರ್ ಹಾಕಿಸುವುದಾದರೆ ಹೊಸ ಜೋಡಿ ಹಿಂದಕ್ಕಿರಲಿ, ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನಾದರೂ ಸರಿಯೇ. ಮುಂದಿನದು ಜಾರಿದರೆ ತಿಳಿಯುತ್ತದೆ, ಹಿಂದಿನದು ಜಾರಿದರೆ ತಿಳಿಯುವ ಹೊತ್ತಿಗೆ ಕಾರು ತಿರುಗಿರುತ್ತದೆ. ಕಾನೂನು 1.6 ಮಿ.ಮೀ. ಕಾಲುವೆ ಉಳಿದಿದ್ದರೆ ಸಾಕೆನ್ನುತ್ತದೆ. ನಮ್ಮ ಮಳೆಗೆ ಅದು ಏನೇನೂ ಸಾಲದು, 3 ಇರುವಾಗಲೇ ಬದಲಿಸಿ. ಅಂಗಡಿಯವರು ಕಾಫಿಗೆ ಕಳಿಸಿದರೆ ಹೋಗಬೇಡಿ.

ನಾನು 205/55 ಆರ್16ಕ್ಕೇ ವಾಪಸ್ಸಾದೆ. ನಾಲ್ಕೂ ಒಂದೇ ವಾರದಲ್ಲಿ ತಯಾರಾದವು, ಮಳೆಗೆ ಒಳ್ಳೆಯ ಹೆಸರಿರುವಂಥವು, ಪೂರ್ತಿ ಬಿಲ್ ಸಮೇತ 38 ಸಾವಿರ. ಒಣ ರಸ್ತೆಯಲ್ಲಿ ಆ ಬಿಗಿ ಇಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಮಂಡಗದ್ದೆಯ ಆ ತಿರುವನ್ನು ಈಗ 40ರಲ್ಲಿ ದಾಟುತ್ತೇನೆ; ಅದು ಟೈರಿನ ಗುಣವಲ್ಲ, ಅಮ್ಮ ಪಕ್ಕದಲ್ಲಿರುವುದರ ಗುಣ.

ಹಳೆಯ ಸೆಟ್ಟನ್ನು ಕೇಳಿಕೊಂಡು ಸಾಗರದ ಕಡೆಯ ಹುಡುಗನೊಬ್ಬ ಬಂದಿದ್ದ. ‘ಹೊಸದರಂತೆಯೇ ಇದೆಯಲ್ಲ ಅಣ್ಣ, ಕೊಡಿ’ ಎಂದ. ಬಲಬದಿಯವನ್ನು ಮಾತ್ರ ನೋಡುತ್ತಿದ್ದ. ಅವನು ಹೋದ ಮೇಲೆ ಗರಗಸ ತಂದು ಮುದಿ ಎರಡರ ಒಂದೊಂದು ಗೋಡೆಯನ್ನೂ ಕೊಯ್ದು ತೆಗೆದೆ. ಸುಮ್ಮನೆ ಬಿಟ್ಟರೆ ನೀರು ನಿಂತು ಸೊಳ್ಳೆಯಾಗುತ್ತದೆಂದು ತಳಕ್ಕೂ ತೂತು ಹೊಡೆದು, ಗೊಬ್ಬರ ಮಣ್ಣು ತುಂಬಿ ಅಂಗಳದ ಅಂಚಿನಲ್ಲಿ ಓರೆಯಾಗಿ ಇಟ್ಟೆ. ಮರುವರ್ಷ ಅಮ್ಮ ಅವುಗಳಲ್ಲಿ ಡೇರೆ ನೆಟ್ಟಳು, ಅಂದು ಕಾರಿನಲ್ಲಿ ಉರುಳಿದ್ದ ಗೆಡ್ಡೆಗಳದ್ದೇ ಸಂತಾನ. ಶ್ರಾವಣದಲ್ಲಿ ತಟ್ಟೆಯಗಲದ ಕೆಂಪು ಹೂ ಬಿಟ್ಟಿತು. 0918 ಎಂದಿರುವ ಬದಿ ಈಗ ಹೊರಕ್ಕಿದೆ, ಗೇಟು ತೆರೆದು ಬರುವವರಿಗೆಲ್ಲ ಕಾಣುತ್ತದೆ.