ಹನ್ನೊಂದು ಕ್ಲಬ್‌ಗಳ ಪೆಟ್ಟಿಗೆ ಸೆಟ್: ಮೂರು ವರ್ಷ ಆಡಿದ ಮೇಲೆ

ನಲವತ್ತಾರನೆಯ ವಯಸ್ಸಿನಲ್ಲಿ ಗಾಲ್ಫ್ ಕಲಿಯಲು ಹೊರಟವನು ನಾನು. ಮೊದಲು ಮಾಡಿದ ಕೆಲಸವೆಂದರೆ ಬೆಂಗಳೂರಿನ ಅಂಗಡಿಯೊಂದರಲ್ಲಿ 38,000 ರೂಪಾಯಿ ಕೊಟ್ಟು, ‘ಆರಂಭಿಕರಿಗಾಗಿ’ ಎಂಬ ಹಣೆಪಟ್ಟಿಯಿದ್ದ ಪೆಟ್ಟಿಗೆಯನ್ನು ಮನೆಗೆ ತಂದದ್ದು. ಅದರಲ್ಲಿ ಅತಿ ದೂರ ಹೊಡೆಯುವ ಡ್ರೈವರ್ ಮತ್ತು 3 ವುಡ್, ವುಡ್-ಐರನ್ ಎರಡರ ಗುಣವೂ ಇರುವ 4 ಮತ್ತು 5ರ ಹೈಬ್ರಿಡ್‌ಗಳು, ನಡುವಿನ ದೂರಕ್ಕೆ 6ರಿಂದ 9ರವರೆಗಿನ ಐರನ್‌ಗಳು, ಹತ್ತಿರದಿಂದ ಎತ್ತರಕ್ಕೆ ಹೊಡೆಯಲು ಪಿಚಿಂಗ್ ವೆಡ್ಜ್, ಸ್ಯಾಂಡ್ ವೆಡ್ಜ್ ಮತ್ತು ಚೆಂಡನ್ನು ಕುಳಿಗೆ ಉರುಳಿಸುವ ಪಟರ್, ಹೀಗೆ ಹನ್ನೊಂದು ಕ್ಲಬ್‌ಗಳೂ (ಚೆಂಡು ಹೊಡೆಯುವ ಕೋಲುಗಳು) ಒಂದು ಸ್ಟ್ಯಾಂಡ್ ಬ್ಯಾಗೂ ಇದ್ದವು. ಐರನ್ನಿನ ಸಂಖ್ಯೆ ಹೆಚ್ಚಿದಷ್ಟೂ ಚೆಂಡು ಹೋಗುವ ದೂರ ಕಡಿಮೆ. ತಯಾರಕರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ನನ್ನ ತಕರಾರು ಇರುವುದು ಒಂದು ಕಂಪನಿಯ ಮೇಲಲ್ಲ, ಹೊಸಬನಿಗೆ ಇಷ್ಟೆಲ್ಲ ಬೇಕು ಎಂದು ಒಪ್ಪಿಕೊಂಡ ನನ್ನ ತಿಳಿವಳಿಕೆಯ ಮೇಲೆ.

ಕಳೆದ ತಿಂಗಳು ಎಲ್ಲ ಕ್ಲಬ್‌ಗಳನ್ನೂ ತೊಳೆದು ಜಗಲಿಯ ಮೇಲೆ ಸಾಲಾಗಿ ಇಟ್ಟಾಗ ಬಳಕೆಯ ಲೆಕ್ಕ ತಾನಾಗಿಯೇ ಕಣ್ಣಿಗೆ ಬಿತ್ತು. 7ರ ಐರನ್ನಿನ ಮುಖದಲ್ಲಿ ಗೆರೆಗಳು ಸವೆದು, ಒಂದು ರೂಪಾಯಿ ನಾಣ್ಯದಷ್ಟು ಜಾಗ ಮಂಕಾಗಿತ್ತು. ಅಭ್ಯಾಸದ ಜಾಗವಾದ ಡ್ರೈವಿಂಗ್ ರೇಂಜಿನ ಕೃತಕ ಹುಲ್ಲಿನ ಹಸಿರು ಬಣ್ಣ ಅದರ ತಳಕ್ಕೆ ಹತ್ತಿಕೊಂಡಿದ್ದು, ಎಷ್ಟು ಉಜ್ಜಿದರೂ ಹೋಗಲಿಲ್ಲ. 9ರ ಐರನ್, ಎರಡು ವೆಡ್ಜ್‌ಗಳು, 5ರ ಹೈಬ್ರಿಡ್ ಮತ್ತು ಪಟರ್ ಇವುಗಳಲ್ಲಿಯೂ ದುಡಿದ ಗುರುತುಗಳಿದ್ದವು. 3 ವುಡ್ ಮಾತ್ರ ಅಂಗಡಿಯಿಂದ ಬಂದ ಹೊಳಪನ್ನೇ ಉಳಿಸಿಕೊಂಡಿತ್ತು, 6 ಮತ್ತು 8ರ ಐರನ್‌ಗಳು ಅದಕ್ಕಿಂತ ತುಸು ಮೇಲು. ಕಾರಣ ಸರಳವಾದದ್ದು: ಚೆಂಡು ಪ್ರತಿಸಲವೂ ಮುಖದ ಒಂದೇ ಜಾಗಕ್ಕೆ ತಗಲುವವರೆಗೆ 6, 7, 8ರ ನಡುವಿನ ಹತ್ತು ಗಜದ ವ್ಯತ್ಯಾಸ ಆಟಗಾರನ ಕೈಗೆ ಸಿಗುವುದಿಲ್ಲ. ನನ್ನ ಒಳ್ಳೆಯ 8, ಕೆಟ್ಟ 6ಕ್ಕಿಂತ ದೂರ ಹೋಗುತ್ತಿತ್ತು. ನಿಯಮದಂತೆ ಬ್ಯಾಗಿನಲ್ಲಿ ಗರಿಷ್ಠ 14 ಕ್ಲಬ್‌ಗಳಿರಬಹುದು. ಕನಿಷ್ಠ ಇಷ್ಟಿರಬೇಕೆಂದು ನಿಯಮವೇನೂ ಇಲ್ಲ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಸೆಟ್ಟಿನ ಗುಣವನ್ನೂ ಹೇಳಬೇಕು. ಐರನ್‌ಗಳು ಹಿಂಬದಿಯಲ್ಲಿ ಟೊಳ್ಳುಬಿಟ್ಟ ಕ್ಯಾವಿಟಿ ಬ್ಯಾಕ್ ವಿನ್ಯಾಸದವು. ಲೋಹದ ತೂಕವನ್ನು ನಡುವಿನಿಂದ ತೆಗೆದು ಅಂಚುಗಳಿಗೆ ಹಂಚಿದರೆ, ಚೆಂಡು ಮಧ್ಯಕ್ಕೆ ತಗಲದಿದ್ದಾಗಲೂ ಕ್ಲಬ್ಬಿನ ತಲೆ ಕೈಯಲ್ಲಿ ಹೆಚ್ಚು ತಿರುಚಿಕೊಳ್ಳುವುದಿಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್ಹೈಮ್, ತಮ್ಮ ಪಟ್ಟಿಂಗ್ ಸರಿಹೋಗಲಿಲ್ಲವೆಂದು ಈ ತತ್ವವನ್ನು ಮೊದಲು ಪಟರ್‌ಗೆ ಅಳವಡಿಸಿದರು, ಅನಂತರ ಅದು ಐರನ್‌ಗಳಿಗೂ ಬಂತು. ಅವರ ಪಿಂಗ್ ಕಂಪನಿಗೆ ಆ ಹೆಸರು ಬಂದದ್ದು ಚೆಂಡಿಗೆ ತಗಲಿದಾಗ ಆ ಪಟರ್ ಹೊರಡಿಸುತ್ತಿದ್ದ ಸದ್ದಿನಿಂದ. ನನ್ನಂಥ ತಡವಾಗಿ ಬಂದವರು ಈ ವಿನ್ಯಾಸಕ್ಕೆ ಋಣಿಗಳು. ಗ್ರಾಫೈಟ್ ಶಾಫ್ಟ್‌ಗಳೂ (ತಲೆಗೆ ಜೋಡಿಸಿದ ಉದ್ದ ಕೋಲುಗಳು) ಹಗುರವಾಗಿದ್ದು, ತಪ್ಪಾಗಿ ಹೊಡೆದಾಗ ಮೊಣಕೈಗೆ ಬರುವ ಝುಮ್ಮೆನ್ನುವ ಪೆಟ್ಟನ್ನು ಬಹಳಮಟ್ಟಿಗೆ ನುಂಗಿಕೊಳ್ಳುತ್ತವೆ.

ತೊಂದರೆ ಬಂದದ್ದು ಅಳತೆಯಲ್ಲಿ. ನನ್ನ ಎತ್ತರ ಐದಡಿ ನಾಲ್ಕಂಗುಲ. ಪೆಟ್ಟಿಗೆಯ ಸೆಟ್ಟು ಸಾಮಾನ್ಯವಾಗಿ ಒಂದೇ ಅಳತೆಯಲ್ಲಿ ಬರುತ್ತದೆ. ಮೊದಲ ವರ್ಷವಿಡೀ ನನ್ನ ಚೆಂಡು ಗುರಿಯಿಂದ ಎಡಕ್ಕೇ ಹೋಗುತ್ತಿತ್ತು, ಅದನ್ನು ನನ್ನ ಸ್ವಿಂಗಿನ ದೋಷವೆಂದು ತಿಳಿದು ತರಬೇತುದಾರರಿಗೆ ಹಣ ತೆರುತ್ತಲೇ ಇದ್ದೆ. ಕೊನೆಗೆ ಒಬ್ಬ ಹಿರಿಯ ಕ್ಯಾಡಿ (ಆಟಗಾರನ ಬ್ಯಾಗು ಹೊತ್ತು ಜೊತೆ ಬರುವವರು) ನನ್ನ 7ರ ಐರನ್ನನ್ನು ತಿರುಗಿಸಿ ನೋಡಿ, “ಸಾರ್, ತಳ ಹೀಲ್ ಕಡೆಗೇ ಸವೆದಿದೆ, ನೋಡಿ” ಎಂದರು. ಕ್ಲಬ್ಬು ಉದ್ದವಾದದ್ದರಿಂದ ನಾನು ನಿಂತಾಗ ಅದರ ಹೊರತುದಿ ಮೇಲೇಳುತ್ತಿತ್ತು, ಶಾಫ್ಟಿನ ಕಡೆಯ ಮೂಲೆಯಾದ ಹೀಲ್ ನೆಲಕ್ಕೆ ತಾಗುತ್ತಿತ್ತು, ಹಾಗಾಗಿ ಮುಖ ಎಡಕ್ಕೆ ನೋಡುತ್ತಿತ್ತು. ಶಾಫ್ಟ್ ನೆಲದೊಂದಿಗೆ ಮಾಡುವ ಕೋನವನ್ನು ಎರಡು ಡಿಗ್ರಿ ತಗ್ಗಿಸಿದರೆ ಇದು ಸರಿಹೋಗುತ್ತದೆ. ಆದರೆ ಈ ತಲೆಗಳು ಗಟ್ಟಿ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಎರಕ ಹೊಯ್ದವಾದ್ದರಿಂದ, ಬಗ್ಗಿಸಿದರೆ ಮುರಿಯಬಹುದೆಂದು ರಿಪೇರಿಯವರು ಕೈಹಾಕಲಿಲ್ಲ. ಈಗ ಗ್ರಿಪ್ಪನ್ನು ಒಂದಂಗುಲ ಕೆಳಗೆ ಹಿಡಿದು ಆಡುತ್ತೇನೆ.

ಎರಡನೆಯ ಕೊರತೆ ವೆಡ್ಜ್‌ಗಳ ನಡುವೆ. ಐರನ್‌ಗಳು ದೂರ ಹೊಡೆಯುವಂತೆ ಕಾಣಲೆಂದು ಅವುಗಳ ಮುಖವನ್ನು ಈಚೆಗೆ ಹೆಚ್ಚು ನೇರವಾಗಿಸುತ್ತಾರೆ. ನನ್ನ ಪಿಚಿಂಗ್ ವೆಡ್ಜ್‌ನ ಮುಖದ ಓರೆ 44 ಡಿಗ್ರಿ, ಸ್ಯಾಂಡ್ ವೆಡ್ಜ್‌ನದು 56. ನಡುವಿನ ಹನ್ನೆರಡು ಡಿಗ್ರಿಗೆ ಪೆಟ್ಟಿಗೆಯಲ್ಲಿ ಏನೂ ಇಲ್ಲ. ಮೊದಲನೆಯದು ನನಗೆ ತೊಂಬತ್ತು ಗಜ ಹೋದರೆ, ಎರಡನೆಯದು ಅರವತ್ತು. ಹೊಸಬನ ಎರಡನೆಯ ಅಥವಾ ಮೂರನೆಯ ಹೊಡೆತದ ನಂತರ ಚೆಂಡು ನಿಲ್ಲುವುದು ಹೆಚ್ಚಾಗಿ ಎಪ್ಪತ್ತೈದು ಗಜದಲ್ಲಿಯೇ ಎಂಬುದು ನನ್ನ ಅನುಭವ. ಎರಡನೆಯ ವರ್ಷ 50 ಡಿಗ್ರಿಯ ಹಳೆಯ ವೆಡ್ಜ್ ಒಂದನ್ನು 1,800 ರೂಪಾಯಿಗೆ ಕೊಂಡೆ, ಇಡೀ ಬ್ಯಾಗಿನಲ್ಲಿ ಅದರಷ್ಟು ಸಾರ್ಥಕವಾದ ಖರೀದಿ ಬೇರೆಯಿಲ್ಲ.

ಡ್ರೈವರ್ ಬಗ್ಗೆ ಹೆಚ್ಚು ಹೇಳಲಾರೆ, ಪರವಾಗಿಲ್ಲ ಎನ್ನುವಂತಿದೆ. ಗ್ರಿಪ್‌ಗಳು ಒಂದೂವರೆ ವರ್ಷದಲ್ಲಿ ಹೊಳಪುಗಟ್ಟಿ ಜಾರತೊಡಗಿದವು, ಬದಲಾಯಿಸಲು ಒಂದಕ್ಕೆ 450 ರೂಪಾಯಿಯಂತೆ ಕೊಟ್ಟೆ. ಏಪ್ರಿಲ್ ತಿಂಗಳಲ್ಲಿ ಬ್ಯಾಗನ್ನು ಕಾರಿನ ಡಿಕ್ಕಿಯಲ್ಲೇ ಬಿಟ್ಟಿದ್ದೆ; ಶಾಫ್ಟಿಗೆ ತಲೆಯನ್ನು ಹಿಡಿದಿಡುವ ಅಂಟು ಸಡಿಲವಾಗಿ, ರೇಂಜಿನಲ್ಲಿ 9ರ ಐರನ್ನಿನ ತಲೆ ಚೆಂಡಿಗಿಂತ ಮುಂದೆ ಹೋಗಿ ಬಿತ್ತು. ಆ ದಿನ ಮುಂದೆ ಯಾರೂ ಇರಲಿಲ್ಲ, ಅಷ್ಟೇ ಪುಣ್ಯ.

ಪೆಟ್ಟಿಗೆಯ ಪಟರ್ ಎಲ್ಲಕ್ಕಿಂತ ಕಳಪೆ. 72 ಹೊಡೆತಗಳ ಪಾರ್‌ನಲ್ಲಿ (ಒಳ್ಳೆಯ ಆಟಗಾರನಿಗೆ ಒಂದು ಸುತ್ತಿಗೆ ನಿಗದಿಯಾದ ಹೊಡೆತಗಳ ಎಣಿಕೆ) 36 ಪಟ್‌ಗಳೆಂದೇ ಲೆಕ್ಕ ಹಾಕಿರುತ್ತಾರೆ, ಆದರೂ ತಯಾರಕರು ಹಣ ಉಳಿಸುವುದು ಅಲ್ಲಿಯೇ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನಕ್ಕೆ ಬಂದದ್ದು ದೂರ ಹೊಡೆಯುವ ಬಲದಿಂದಲ್ಲ, ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಾದ ಗ್ರೀನ್ ಮೇಲಿನ ಕೈಚಳಕದಿಂದ ಎಂಬುದನ್ನು ಟಿವಿಯಲ್ಲಿ ನೋಡಿದವರು ಮರೆತಿರಲಾರರು.

ಈ ವರ್ಷ ತಂಗಿಯ ಮಗಳು ಕಲಿಯುತ್ತೇನೆಂದಾಗ ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. 1876ರಿಂದ ಗಾಲ್ಫ್ ಆಟದ ಸಂಸ್ಥೆ ಇರುವ ಊರಿನಲ್ಲಿ ಹಳೆಯ ಕ್ಲಬ್‌ಗಳಿಗೇನು ಬರ? ಅವಳ ಅಳತೆಗೆ ಹೊಂದುವ 7 ಮತ್ತು 9ರ ಐರನ್, ಒಂದು ಹೈಬ್ರಿಡ್, ಎರಡು ವೆಡ್ಜ್‌ಗಳು ಸೇರಿ 11,000 ರೂಪಾಯಿಗೆ ಸಿಕ್ಕವು. ಪಟರ್ ಮಾತ್ರ ಹೊಸದು, ಅಂಗಡಿಯ ಕಾರ್ಪೆಟ್ಟಿನ ಮೇಲೆ ಅರ್ಧ ಗಂಟೆ ಆಡಿಸಿ ನೋಡಿಯೇ ಕೊಂಡದ್ದು. ಡ್ರೈವರ್ ಆರು ತಿಂಗಳ ನಂತರ ಎಂದಿದ್ದೇನೆ. ನನ್ನ 3 ವುಡ್ಡನ್ನು ಮಾರಲು ಇಟ್ಟಿದ್ದೇನೆ. ಕೇಳಿಕೊಂಡು ಬಂದ ಇಬ್ಬರೂ ಹೊಸದಾಗಿ ಕಲಿಯುವವರೇ ಆಗಿದ್ದರಿಂದ, ನಾನೇ ಬೇಡವೆಂದು ಹೇಳಿ ಕಳಿಸಿದೆ.